ಕಚ್ಚಿದ ಕಡ್ಡಿ ಯಾವುದು?

ಹೆದರುವುದಕ್ಕೂ ಅಭ್ಯಾಸಬಲ ಬೇಕು. ಒಂದೇ ದಿನದಲ್ಲಿ ಯಾರೂ ಪೂರ್ತಿ ಪುಕ್ಕಲರಾಗುವುದಿಲ್ಲ. ನಾನು ಚಿಕ್ಕಂದಿನಿಂದ ದಿನಾ ಒಂದಿಷ್ಟು ಹೆದರಿ ಹೆದರಿ ಈ ಮಟ್ಟಕ್ಕೆ ಬಂದಿದ್ದೇನೆ. ಮಧುಗಿರಿ ಕಡೆಯ ನಮ್ಮ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದಾಗ ‘ಹಾಜರ್ ಸಾರ್’ ಅನ್ನುವುದಕ್ಕೂ ನನಗೆ ಭಯ. ಪಕ್ಕ ಕೂರುತ್ತಿದ್ದ ಗೆಳತಿಯೇ ನನ್ನ ಹಾಜರಿಯನ್ನೂ ಕೂಗಿಬಿಡುತ್ತಿದ್ದಳು. ಅವಳು ಬರದ ದಿನ ನಾನು ಶಾಲೆಯಲ್ಲಿ ಕೂತುಕೊಂಡೇ ಗೈರುಹಾಜರಾಗುತ್ತಿದ್ದೆ. ಮದುವೆಯಾಗಿ, ಬ್ಯಾಂಕಿನಲ್ಲಿದ್ದ ನಿಮ್ಮ ತಾತನ ಹಿಂದೆ ಮೊದಲು ವಿಜಯವಾಡಕ್ಕೆ, ಆಮೇಲೆ ವಿಶಾಖಪಟ್ಟಣಕ್ಕೆ ಬಂದಾಗ ಹೆದರುವುದಕ್ಕೆ ಹೊಸ ಹೊಸ ವಿಷಯಗಳು ಸಿಕ್ಕವು. ಸಮುದ್ರ, ಲಿಫ್ಟು, ತೆಲುಗು. ತಾತ ಇರುವಷ್ಟು ದಿನ ಬಾಗಿಲ ಚಿಲಕ, ಗ್ಯಾಸಿನ ವಾಸನೆ, ರೈಲಿನ ಟಿಕೆಟ್ಟು ಇವೆಲ್ಲ ಅವರ ಇಲಾಖೆಯಾಗಿತ್ತು. ಅವರು ಹೋದ ಮೇಲೆ ನಾನು ಪಕ್ಕದ ಭೀಮುನಿಪಟ್ಟಣದ ನಿಮ್ಮ ಮನೆಗೆ ಬಂದೆ, ಅವರ ಪಾಲಿನ ಹೆದರಿಕೆಯೂ ನನಗೇ ಬಂತು.

ಚಿನ್ಮಯ, ಧನ್ಯ, ನೀವಿಬ್ಬರೂ ಮೊನ್ನೆ ಕೇಳಿದಿರಲ್ಲ, “ಅಮ್ಮಮ್ಮಾ, ನಿಮಗೆ ಎಲ್ಲಕ್ಕಿಂತ ಜಾಸ್ತಿ ಭಯ ಆಗಿದ್ದು ಎಪ್ಪುಡು?” ಅಂತ. ಅದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳೋಣವೆಂದರೆ ನೀವು ಮಧ್ಯೆ ಮಧ್ಯೆ ನಗುತ್ತೀರಿ, ನನಗೆ ನಾಚಿಕೆಯಾಗಿ ಮಾತು ನಿಂತುಬಿಡುತ್ತದೆ. ಕನ್ನಡ ಓದೋದಕ್ಕೆ ಟೈಮ್ ಹಿಡಿಯುತ್ತೆ ಎಂದು ಧನ್ಯ ಆಗಲೇ ಗೊಣಗಿದ್ದಾಳೆ. ನಿಧಾನವಾಗಿಯೇ ಓದಿ. ನಾನೂ ನಿಧಾನವಾಗಿಯೇ ಹೆದರಿದ್ದೇನೆ.

ನಿಮ್ಮ ಅಮ್ಮ ಸುಮತಿ ಋಷಿಕೊಂಡದ ಕಡೆ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಅಲ್ಲಿ ಪಿಂಗಾಣಿಯಂಥ ವಸ್ತುಗಳನ್ನು ಪರೀಕ್ಷೆ ಮಾಡುತ್ತಾರೆ ಎಂಬಷ್ಟು ನಿಮಗೆ ಗೊತ್ತು. ಏನು ಪರೀಕ್ಷೆ ಎಂದು ನಾನೂ ಬಹಳ ಕಾಲ ಕೇಳಿರಲಿಲ್ಲ. ಕೇಳಿದರೆ ಅರ್ಥವಾಗದೆ ಹೋದೀತೆಂಬ ಭಯ. ಒಂದು ದಿನ ಹುರುಳಿಕಾಯಿ ಬಿಡಿಸುತ್ತಾ ಅವಳಾಗಿಯೇ ಹೇಳಿದಳು. ಸೊಂಟದ ಕೀಲು ಸವೆದ ಮುದುಕಿಯರಿಗೆ ಒಳಗೆ ಒಂದು ಗುಂಡು ಕೂರಿಸುತ್ತಾರಂತೆ. ಆ ಗುಂಡನ್ನು ಮಾಡುವ ಬಿಳೀ ಪಿಂಗಾಣಿಯನ್ನು ಬಳಪದ ಕಡ್ಡಿಯಷ್ಟು ಉದ್ದ, ದಪ್ಪ ಕತ್ತರಿಸಿ, ನುಣ್ಣಗೆ ಹೊಳಪು ಕೊಟ್ಟು, ಇವಳ ಮೇಜಿಗೆ ಕಳಿಸುತ್ತಾರೆ. ಇವಳು ಅದರ ಮೇಲೆ ವಜ್ರದ ಮೊನೆಯನ್ನು ಭಾರ ಹಾಕಿ ಒತ್ತುತ್ತಾಳೆ. ಒತ್ತಿದ ಜಾಗದಲ್ಲಿ ಸಣ್ಣದೊಂದು ಚೌಕದ ಗುರುತು ಬಿದ್ದು, ಅದರ ನಾಲ್ಕು ಮೂಲೆಯಿಂದ ರಂಗೋಲಿ ಎಳೆಯ ಹಾಗೆ ನಾಲ್ಕು ಬಿರುಕು ಓಡುತ್ತವೆ. ಬರಿಗಣ್ಣಿಗೆ ಅವು ಕಾಣುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿ ಬಿರುಕು ಎಷ್ಟು ಉದ್ದ ಓಡಿತೆಂದು ಅಳೆಯಬೇಕು. ಹೆಚ್ಚು ಓಡಿದರೆ ಪಿಂಗಾಣಿಗೆ ತಾಳಿಕೆ ಕಡಿಮೆ, ಬೇಗ ನಿಂತರೆ ತಾಳಿಕೆ ಹೆಚ್ಚು. “ಗಟ್ಟಿ ಇರೋದು ಬೇರೆ, ತಾಳೋದು ಬೇರೆ ಅಮ್ಮ. ಬಿರುಕು ಬಿಟ್ಟ ಮೇಲೂ ಎಷ್ಟು ತಡ್ಕೊಳ್ಳತ್ತೆ ಅನ್ನೋದೇ ನಮ್ಮ ಲೆಕ್ಕ” ಎಂದಳು. ನಾನು ತಕ್ಷಣ ನನ್ನ ಸೊಂಟ ಮುಟ್ಟಿ ನೋಡಿಕೊಂಡೆ. ಅಂದಿನಿಂದ ಮಣೆಯಿಂದ ಏಳುವಾಗ ಒಂದು ಹೊಸ ಹೆದರಿಕೆ ಸೇರಿಕೊಂಡಿತು.

ಒಬ್ಬರೇ ಅಳೆದರೆ ನಂಬುವುದು ಹೇಗೆ? ಅದಕ್ಕೆ ಒಂದೇ ಪಿಂಗಾಣಿಯ ಕಡ್ಡಿಗಳನ್ನು ಬೇರೆ ಬೇರೆ ಊರಿನ ಲ್ಯಾಬುಗಳಿಗೆ ಹಂಚುತ್ತಾರಂತೆ. ಎಲ್ಲರೂ ತಮ್ಮ ತಮ್ಮಲ್ಲಿ ಒತ್ತಿ, ಅಳೆದು, ಅಂಕಿ ಹೇಳಬೇಕು. ಒಂದೇ ಮೂಟೆಯ ಅಕ್ಕಿಯನ್ನು ಓರಗಿತ್ತಿಯರಿಗೆಲ್ಲ ಕೊಟ್ಟು ಯಾರ ಅನ್ನ ಹೇಗಾಯಿತೆಂದು ಅತ್ತೆ ಮುಟ್ಟಿ ನೋಡಿದ ಹಾಗೆ. ಹೋದ ಸಲ ಉಳಿದವರ ಅಂಕಿಗಳೆಲ್ಲ ಹೆಚ್ಚುಕಡಿಮೆ ಅಕ್ಕಪಕ್ಕ ಕೂತವು, ನಿಮ್ಮ ಅಮ್ಮನದು ಮಾತ್ರ ಕೆಳಗೆ ಬಿತ್ತು. ಅಂದರೆ ಇವಳ ಕಣ್ಣಿಗೆ ಮಾತ್ರ ಬಿರುಕು ಉದ್ದ ಕಂಡಿದೆ. ಯಂತ್ರ ತಪಾಸಣೆ ಆಯಿತು, ಸರಿಯಿತ್ತು. ಕಣ್ಣಿನ ಡಾಕ್ಟರಲ್ಲಿಗೆ ಹೋಗಿಬಂದಳು, ಕಣ್ಣೂ ಸರಿಯಿತ್ತು. ಅವಳ ಮೇಲಧಿಕಾರಿ, ಇನ್ನೊಂದೇ ಸಲ ನೋಡೋಣ, ವಿಜಯವಾಡದ ಲ್ಯಾಬಿನವರೂ ನೀವೂ ಒಂದೇ ಕಡ್ಡಿಗಳನ್ನು ಹಂಚಿಕೊಂಡು ಅಳೆಯಿರಿ, ಈ ಸಲವೂ ನಿಮ್ಮ ಅಂಕಿ ಬೇರೆ ಬಂದರೆ ಈ ಕೆಲಸವನ್ನೇ ಅವರಿಗೆ ಕೊಟ್ಟುಬಿಡೋಣ ಎಂದರಂತೆ. ಆ ಮೇಜು, ಆ ವಜ್ರದ ಮೊನೆ, ಆ ಸೂಕ್ಷ್ಮದರ್ಶಕ ಎಂದರೆ ಸುಮತಿಗೆ ಪ್ರಾಣ. ಅದನ್ನು ಹೇಳಿದ ಸಂಜೆ ಅವಳು ಅತ್ತಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅವಳು ಸುಮ್ಮನೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಳು, ನಾರು ಒಂದು ಕಡೆ, ಕಾಯಿ ಒಂದು ಕಡೆ. ಕೊನೆಗೆ ನೋಡಿದರೆ ಕಾಯಿಯನ್ನೆಲ್ಲ ನಾರಿನ ತಟ್ಟೆಗೆ ಹಾಕಿದ್ದಳು.

ಇದರಲ್ಲಿ ನಾನು ಹೇಗೆ ಬಂದೆ ಎಂದರೆ, ಹೋದ ಸಲ ಕೊರಿಯರಿನಲ್ಲಿ ಹೋದ ಕಡ್ಡಿಗಳ ಅಂಚು ಮುಕ್ಕಾಗಿತ್ತಂತೆ. ಈ ಸಲ ಕೈಯಲ್ಲೇ ಕಳಿಸಬೇಕೆಂದು ಆಫೀಸಿನಲ್ಲಿ ತೀರ್ಮಾನವಾಗಿ, ಹೊರಡಬೇಕಿದ್ದವರಿಗೆ ಜ್ವರ ಬಂತು. ಅದೇ ಹೊತ್ತಿಗೆ ನಾನು ವಿಜಯವಾಡಕ್ಕೆ ಹೊರಟಿದ್ದೆ. ತಾತನ ತಂಗಿ ಕಮಲಜ್ಜಿ ನಿಮಗೆ ಗೊತ್ತಲ್ಲ, ಅವಳ ಸೊಸೆ ಲಾವಣ್ಯಳ ಸೀಮಂತ. ಸುಮತಿ ಮೇಲಧಿಕಾರಿಯನ್ನು ಕೇಳಿ, ಒಪ್ಪಿಸಿಕೊಂಡು, ಡಬ್ಬಿ ತಂದು ನನ್ನ ಮುಂದಿಟ್ಟಳು. ಒಳಗೆ ಸ್ಪಂಜಿನಲ್ಲಿ ಸಾಲಾಗಿ ಮಲಗಿಸಿದ ಬಿಳೀ ಕಡ್ಡಿಗಳು, ಹೊರಗೆ ಸುತ್ತಲೂ ಟೇಪು.

“ತೆಗೀಬೇಡ, ಅಲ್ಲಾಡಿಸ್ಬೇಡ, ಯಾರ ಕೈಗೂ ಕೊಡ್ಬೇಡ. ವಿಜಯವಾಡದ ಲ್ಯಾಬಲ್ಲಿ ಝಾನ್ಸಿ ಗಾರು ಅಂತ ಇದಾರೆ, ಅವರ ಕೈಗೇ ಕೊಡು” ಎಂದಳು.

“ನನ್ನಿಂದ ಆಗಲ್ಲ ಕಣೇ. ಬೇರೆ ಯಾರನ್ನಾದ್ರೂ ನೋಡು.”

“ಅಮ್ಮ, ನಿನ್ನಷ್ಟು ಹೆದರೋರು ನಮ್ಮ ಆಫೀಸಲ್ಲಿ ಯಾರೂ ಇಲ್ಲ. ಅದಕ್ಕೇ ನಿನಗೆ ಕೊಡ್ತಿರೋದು.”

ನಿಮ್ಮ ಅಪ್ಪ ಶ್ರೀನಿವಾಸ್ ಅಲ್ಲೇ ಕಾಫಿ ಕುಡಿಯುತ್ತಿದ್ದವರು, “ಅತ್ತಯ್ಯಗಾರು ತಗೊಂಡು ಹೋದ್ರೆ ಪೋಲೀಸ್ ಬಂದೋಬಸ್ತೂ ಬೇಡ” ಎಂದು ಭೀಮುನಿಪಟ್ಟಣದಲ್ಲೇ ಬೆಳೆದ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಸೇರಿಸಿದರು. ಹೀಗೆ ನನ್ನ ಪುಕ್ಕಲುತನಕ್ಕೆ ಜೀವನದಲ್ಲಿ ಮೊದಲನೆಯ ಸಲ ಒಂದು ಸರ್ಕಾರಿ ಮರ್ಯಾದೆ ಸಿಕ್ಕಿತು.

ರೈಲಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗು ಮುಚ್ಚಿ ಕೂತೆ. ಎದುರಿಗಿದ್ದ ಹೆಂಗಸು ಒಳಗೆ ಕೂಸಿದೆಯೋ ಕೋಳಿಯಿದೆಯೋ ಎಂಬಂತೆ ನೋಡುತ್ತಿದ್ದಳು. ರಾಜಮಂಡ್ರಿ ದಾಟಿ ಗೋದಾವರಿ ಸೇತುವೆ ಬಂದಾಗ ಎಲ್ಲರೂ ಕೈಮುಗಿದು ಕಿಟಕಿಯಿಂದ ನಾಣ್ಯ ಹಾಕಿದರು. ತಾತನ ಜೊತೆ ಹೋಗುವಾಗಲೆಲ್ಲ ನಾನೂ ಹಾಕುತ್ತಿದ್ದೆ. ಈ ಸಲ ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ನಾಣ್ಯ. ಗಡಿಬಿಡಿಯಲ್ಲಿ ಯಾವ ಕೈ ಕಿಟಕಿಯ ಕಡೆ ಹೋದೀತೋ ಎಂಬ ಭಯ. ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಸೇತುವೆ ಮುಗಿಯುವವರೆಗೆ ಕಣ್ಣು ಮುಚ್ಚಿದೆ. ಮುಗಿದ ಮೇಲೆ, ತಾಯಿಗೆ ಕಾಣಿಕೆ ಹಾಕದೆ ಬಂದೆನಲ್ಲ, ಇನ್ನೇನು ಕಾದಿದೆಯೋ ಎಂಬ ಹೆದರಿಕೆ ಹಿಡಿಯಿತು.

ವಿಜಯವಾಡದಲ್ಲಿ ಇಳಿಯುವಾಗ ಯಾರದೋ ಪೆಟ್ಟಿಗೆ ನನ್ನ ಮೊಳಕೈಗೆ ಬಡಿಯಿತು. ಡಬ್ಬಿ ಬೀಳಲಿಲ್ಲ, ಆದರೆ ನನ್ನ ಮನಸ್ಸು ಬಿತ್ತು. ಒಳಗೆ ಮುರಿದಿದ್ದರೆ? ಕಮಲಳ ಮನೆಗೆ ಹೋಗಿ ಕಾಲು ತೊಳೆದವಳೇ ಟೇಪು ಬಿಚ್ಚಿ ನೋಡಿದೆ. ತೆಗೆಯಬೇಡ ಎಂದದ್ದು ನೆನಪಿತ್ತು. ತೆಗೆಯದೆ ಹೆದರುವುದಕ್ಕಿಂತ ತೆಗೆದು ಹೆದರುವುದು ವಾಸಿ ಎನಿಸಿತು. ಎಲ್ಲ ಸರಿಯಾಗಿದ್ದವು. ಹಾಲಿನ ಹಲ್ಲಿನಂತೆ ಬೆಳ್ಳಗೆ ಮಲಗಿದ್ದವು. ಅವತ್ತು ಭಾನುವಾರ, ಲ್ಯಾಬಿಗೆ ರಜೆ, ಮಾರನೆಯ ದಿನವೇ ಕೊಡಬೇಕು. ನೆಂಟರಿಂದ ತುಂಬಿದ ಮನೆಯಲ್ಲಿ ಡಬ್ಬಿಯನ್ನು ಎಲ್ಲಿಡುವುದು? ನಮ್ಮ ಅಮ್ಮನ ಮನೆಯಿಂದ ಬಂದ ರೂಢಿ, ಬೆಲೆಯುಳ್ಳದ್ದು ಏನು ಬಂದರೂ ಮೊದಲು ದೇವರ ಮುಂದೆ. ಹೊಸ ಸೀರೆ, ಹಾಲ್ ಟಿಕೆಟ್ಟು, ತಾತನ ವರ್ಗಾವಣೆಯ ಆರ್ಡರು, ಎಲ್ಲಕ್ಕೂ ಅರಿಸಿನ ಕುಂಕುಮ ಇಟ್ಟು, ದೇವರ ಪಾದದ ಹತ್ತಿರ ಇಟ್ಟರೆ ಆಯಿತು, ಆಮೇಲೆ ಜವಾಬ್ದಾರಿ ಅವನದು. ಹಾಗೇ ಮಾಡಿದೆ. ಮುಚ್ಚಳಕ್ಕೆ ಕುಂಕುಮವಿಟ್ಟು, ದೇವರ ಕೋಣೆಯಲ್ಲಿ ಒಂದು ತಟ್ಟೆಯ ಮೇಲಿಟ್ಟು, ಕೈಮುಗಿದು ಹೊರಗೆ ಬಂದೆ. ಅಷ್ಟು ಹಗುರವಾಗಿ ನಾನು ಆ ವಾರದಲ್ಲಿ ಉಸಿರಾಡಿರಲಿಲ್ಲ.

ಆ ತಟ್ಟೆ ಸೀಮಂತಕ್ಕೆ ಬಂದ ಉಡುಗೊರೆಗಳನ್ನು ಜೋಡಿಸುವ ತಟ್ಟೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಮಧ್ಯಾಹ್ನ ನಡುಮನೆಯಲ್ಲಿ ಲಾವಣ್ಯಳನ್ನು ಕುರ್ಚಿಯ ಮೇಲೆ ಕೂರಿಸಿ, ಹಸಿರು ಬಳೆ ತೊಡಿಸಿ, ಮುತ್ತೈದೆಯರು ಅಕ್ಷತೆ ಹಾಕುತ್ತಿದ್ದರು. ನಾನು ಇಂಥ ಕಡೆ ಹಿಂದೆಯೇ ನಿಲ್ಲುವವಳು. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕಮಲ ದೇವರ ಕೋಣೆಯಿಂದ ಒಂದೊಂದೇ ತಟ್ಟೆ ತಂದು ಸೊಸೆಯ ಮಡಿಲಿಗೆ ಮುಟ್ಟಿಸಿ ಅವಳ ಕೋಣೆಗೆ ಸಾಗಿಸುತ್ತಿದ್ದಳು. ಹಣ್ಣು, ಚಿಗಳಿ, ತಂಬಿಟ್ಟು, ರವಿಕೆಕಣ. ಆ ಸಾಲಿನಲ್ಲಿ ಕುಂಕುಮ ಹಚ್ಚಿದ ಒಂದು ಡಬ್ಬಿಯೂ ನನ್ನ ಕಣ್ಣ ಮುಂದೆಯೇ ಹಾದು ಹೋಗಿರಬೇಕು. ನಾನು ಆಗ ಲಾವಣ್ಯಳ ಬಳೆ ಬಿಗಿಯಾಯಿತೇನೋ ಎಂದು ಹೆದರುತ್ತಿದ್ದೆ.

ಊಟ ಮುಗಿದು ಮನೆ ಸ್ವಲ್ಪ ತಣ್ಣಗಾದಾಗ ದೇವರ ಕೋಣೆಗೆ ಹೋದೆ. ದೇವರಿದ್ದ, ಡಬ್ಬಿ ಇರಲಿಲ್ಲ. “ಕಮಲಾ, ಇಲ್ಲೊಂದು ಡಬ್ಬಿ...” ಎಂದು ಬಾಯಿ ತೆರೆಯುವಷ್ಟರಲ್ಲಿ ಒಳಕೋಣೆಯಿಂದ ‘ಕಟ್’ ಎಂದು ಒಂದು ಸದ್ದು, ಅದರ ಹಿಂದೆಯೇ “ಅಮ್ಮಾ!” ಎಂಬ ಕೂಗು. ಓಡಿದೆ. ಲಾವಣ್ಯ ಮಂಚದ ಮೇಲೆ, ಒಂದು ಕೈ ಕೆನ್ನೆಯ ಮೇಲೆ, ಇನ್ನೊಂದರಲ್ಲಿ ಬಿಳೀ ಕಡ್ಡಿ. ಮಡಿಲಲ್ಲಿ ತೆರೆದ ಡಬ್ಬಿ.

“ಇದೇಂ ಬಲಪಂ ಅತ್ತಯ್ಯಗಾರೂ, ರಾಯಿಲಾ ಉಂದಿ!” ಇದೆಂಥ ಬಳಪ, ಕಲ್ಲಿನ ಥರ ಇದೆ ಎಂದು ನನ್ನ ಮೇಲೆಯೇ ದೂರು.

ಬಸುರಿಯರಿಗೆ ಬಳಪ ತಿನ್ನುವ ಆಸೆಯಾಗುವುದು ನಮ್ಮ ಕಡೆಯೂ ಇದೆ. ಡಾಕ್ಟರು ಬೇಡವೆಂದಿದ್ದರಂತೆ, ಕಮಲ ಮನೆಯಲ್ಲಿದ್ದ ಬಳಪವನ್ನೆಲ್ಲ ಬೀಗದಲ್ಲಿ ಇಟ್ಟಿದ್ದಳಂತೆ. ವಿಶಾಖಪಟ್ಟಣದಿಂದ ಬಂದ ಅತ್ತಯ್ಯ ಮಾತ್ರ ತನ್ನ ಆಸೆ ತಿಳಿದು, ಗುಟ್ಟಾಗಿ, ಅದೂ ಕುಂಕುಮ ಹಚ್ಚಿ ತಂದಿದ್ದಾರೆಂದು, ನಾನು ಡಬ್ಬಿ ಹಿಡಿದು ಬಂದದ್ದನ್ನು ನೋಡಿದ್ದ ಆ ಹುಡುಗಿ ಕಣ್ಣು ತುಂಬಿಕೊಂಡು ಕಚ್ಚಿದ್ದಾಳೆ.

“ಹಲ್ಲು ನೋಡು, ಹಲ್ಲು! ನುಂಗಿದೆಯೇನೇ?” ಎಂದೆ.

“ಮುರಿದಿದ್ರೆ ತಾನೇ ನುಂಗೋದು” ಎಂದಳು ಅವಳ ತೆಲುಗಿನಲ್ಲಿ. ಕನ್ನಡಿ ತಂದು ನೋಡಿದೆವು, ಹಲ್ಲು ಗಟ್ಟಿಯಾಗಿತ್ತು. ಕಡ್ಡಿಯೂ ಇಡಿಯಾಗಿತ್ತು. ನನ್ನ ಗಾಬರಿಯ ಮುಖ ನೋಡಿ ಅವಳಿಗೂ ಗಾಬರಿಯಾಗಿ, ಕಡ್ಡಿಯನ್ನು ಸೆರಗಿನಲ್ಲಿ ಒರೆಸಿ ಡಬ್ಬಿಗೆ ಹಾಕಿದಳು. ಹಾಕುವಾಗ ಡಬ್ಬಿ ಮಡಿಲಿಂದ ಜಾರಿ, ಕಡ್ಡಿಗಳೆಲ್ಲ ಹಾಸಿಗೆಯ ಮೇಲೆ ಚೆಲ್ಲಿದವು. ಹಾಸಿಗೆ ಮೆತ್ತಗಿತ್ತು, ಏನೂ ಆಗಲಿಲ್ಲ. ಆದರೆ ಆಯ್ದು ಮತ್ತೆ ಸಾಲಾಗಿ ಮಲಗಿಸಿದ ಮೇಲೆ, ಕಚ್ಚಿದ ಕಡ್ಡಿ ಯಾವುದು ಎಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎಲ್ಲವೂ ಬಿಳಿ, ಎಲ್ಲವೂ ಏನೂ ತಿಳಿಯದವರಂತೆ ನೋಡುತ್ತಿವೆ.

“ಎವರಿಕೀ ಚೆಪ್ಪಕಂಡಿ ಅತ್ತಯ್ಯಗಾರೂ” ಎಂದು ಅವಳು ನನ್ನ ಕೈ ಹಿಡಿದಳು. ಯಾರಿಗೂ ಹೇಳಬೇಡಿ ಎಂದು. ಅವಳಿಗೆ ಅವಳ ಅತ್ತೆಯ ಭಯ. ನನಗೆ ನನ್ನ ಮಗಳ ಭಯ. ಅಲ್ಲಿಗೆ ಬಂದ ಕಮಲ, “ಅತ್ತಿಗೆ, ಏನಿದು ಇಬ್ರೂ ಕಳ್ಳರ ಥರ ಕೂತಿದೀರಾ?” ಎಂದಳು. ಲಾವಣ್ಯ ಅಳುತ್ತಿದ್ದಾಳೆ, ತೌರು ನೆನಪಾಗಿದೆ ಎಂದೆ. ಅವಳ ತೌರು ಪಕ್ಕದ ಬೀದಿಯಲ್ಲಿತ್ತು.

ಆಮೇಲಿನ ನನ್ನ ಸ್ಥಿತಿಯನ್ನು ಯೋಚಿಸಿ ನೋಡಿ. ಹೇಳಿದರೆ, ಎಲ್ಲ ಕಡ್ಡಿಯೂ ಕೆಟ್ಟವೆಂದು ಬಿಸಾಡುತ್ತಾರೆ, ‘ನಿಮ್ಮ ಅಮ್ಮನ ಕೈಲಿ ಕಳಿಸಿದಿರಲ್ಲ’ ಎಂದು ಸುಮತಿಯ ಮೇಲೆ ಬರುತ್ತದೆ, ಅವಳ ಮೇಜು ಹೋಗುತ್ತದೆ. ಹೇಳದಿದ್ದರೆ, ಕಚ್ಚಿದ ಕಡ್ಡಿ ತಪ್ಪು ಅಂಕಿ ಕೊಟ್ಟು ಇಬ್ಬರ ಲೆಕ್ಕವೂ ಹೊಂದದೆ ಹೋಗಿ, ಆಗಲೂ ಅವಳ ಮೇಜು ಹೋಗುತ್ತದೆ. ಅಷ್ಟೇ ಅಲ್ಲ, ತಪ್ಪು ಅಂಕಿ ನಂಬಿ ಮಾಡಿದ ಗುಂಡು ಯಾವಳೋ ಮುದುಕಿಯ ಸೊಂಟದಲ್ಲಿ ಕೂತು, ಅವಳು ಮಣೆಯಿಂದ ಏಳುವಾಗ... ಆ ಮುದುಕಿಗೆ ನನ್ನದೇ ಮುಖವಿತ್ತು. ಗೋದಾವರಿಗೆ ಹಾಕದೆ ಉಳಿಸಿಕೊಂಡ ನಾಣ್ಯ ಚೀಲದಲ್ಲಿ ಸಿಕ್ಕಾಗಲೆಲ್ಲ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ಸೋಮವಾರ ಕಮಲಳ ಮಗ ನನ್ನನ್ನು ಗನ್ನವರಂ ರಸ್ತೆಯ ಆ ಲ್ಯಾಬಿನ ಗೇಟಿನಲ್ಲಿ ಇಳಿಸಿ ಆಫೀಸಿಗೆ ಹೋದ. ಲಾವಣ್ಯ ಬಾಗಿಲಲ್ಲಿ ನಿಂತು ಕೆನ್ನೆ ಮುಟ್ಟಿಕೊಂಡು ನನ್ನನ್ನು ಬೀಳ್ಕೊಟ್ಟಿದ್ದಳು. ಗೇಟಿನವರು ಬಹಳ ಹೊತ್ತು ಕಾಯಿಸಿದರು. ನಾನು ಅದಕ್ಕೆ ಮನಸ್ಸಿನಲ್ಲೇ ಕೃತಜ್ಞಳಾಗಿದ್ದೆ. ಒಳಗೆ ಬಿಟ್ಟಾಗ ಊಟದ ಹೊತ್ತು ಹತ್ತಿರವಾಗಿತ್ತು. ಝಾನ್ಸಿ ಗಾರು ಎಂದರೆ ಎತ್ತರದ, ದಪ್ಪ ದನಿಯ ಹೆಂಗಸೆಂದು ನಾನು ಎಣಿಸಿದ್ದೆ. ಬಂದವರು ಸುಮತಿಯ ವಯಸ್ಸಿನ, ಸಣ್ಣಗೆ ಬಡಕಲಾಗಿದ್ದ ಹೆಣ್ಣುಮಗಳು. ಹತ್ತಿಸೀರೆಯ ಮೇಲೆ ಬಿಳಿ ಕೋಟು. ಮುಖದಲ್ಲಿ ನಗು ಎಂಬುದು ಇರಲಿಲ್ಲ. ಅಷ್ಟು ಸಣ್ಣವರನ್ನು ಕಂಡು ಇಷ್ಟೊಂದು ಹೆದರುವುದು ನನಗೂ ಹೊಸದು. ಅವರು ಹೇಳಿದ್ದನ್ನು ಇಲ್ಲಿ ಆದಷ್ಟೂ ಕನ್ನಡದಲ್ಲಿ ಬರೆಯುತ್ತೇನೆ. ಅದು ನಿಮಗೆ ಬೇಕಾಗಿಲ್ಲ, ನನಗೆ ಬೇಕು. ನನ್ನ ತೆಲುಗು ಇಷ್ಟು ವರ್ಷವಾದರೂ ತರಕಾರಿ ಅಂಗಡಿ ದಾಟಿ ಆಚೆ ಹೋಗಿಲ್ಲ.

ಅವರು ಡಬ್ಬಿ ತೆಗೆದುಕೊಂಡರು. ಮುಚ್ಚಳದ ಕುಂಕುಮವನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಸುತ್ತಲಿನ ಬಿಚ್ಚಿದ ಟೇಪು ನೋಡಿ, “ಸೀಲ್ ಎವರು ತೀಶಾರು?” ಎಂದು ಕೇಳಿದರು. ಸೀಲು ತೆಗೆದವರು ಯಾರು?

ಹಾಜರ್ ಸಾರ್ ಎನ್ನಲು ಗೆಳತಿ ಇರಲಿಲ್ಲ. ಸುಮತಿ ಕಾಯಿಯನ್ನು ನಾರಿನ ತಟ್ಟೆಗೆ ಹಾಕುತ್ತಿದ್ದದ್ದು ಕಣ್ಣ ಮುಂದೆ ಬಂತು. ಹೇಗೋ ಬಾಯಿ ತೆರೆದೆ. “ಅಮ್ಮಾಯಿ ಕೊರಿಕಿಂದಿ” ಎಂದುಬಿಟ್ಟೆ. ಹುಡುಗಿ ಕಚ್ಚಿದಳು ಎಂದು.

ಝಾನ್ಸಿ ಕನ್ನಡಕ ತೆಗೆದರು. “ಯಾವ ಹುಡುಗಿ? ಏನನ್ನು?”

ಆಮೇಲೆ ತಡೆಯಲಾಗಲಿಲ್ಲ. ಸೀಮಂತ, ಬಳಪ, ಹಾಸಿಗೆ, ಎಲ್ಲವನ್ನೂ ನನಗೆ ಬರುವ ತರಕಾರಿ ತೆಲುಗಿನಲ್ಲಿ ಸುರಿದೆ. ಗೋದಾವರಿಯ ನಾಣ್ಯವನ್ನೂ ಹೇಳಿದೆನೆಂದು ಕಾಣುತ್ತದೆ, ಯಾಕೆಂದರೆ ನಡುವೆ ಅವರು “ಅದು ಈ ಟೆಸ್ಟಿಗೆ ಸಂಬಂಧಪಟ್ಟಿದ್ದಾ?” ಎಂದು ಕೇಳಿದರು. ಅವರು ನಗಲಿಲ್ಲ. ನಕ್ಕಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ. ಕಡ್ಡಿಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡಿ, “ಕಚ್ಚಿದ್ದು ಯಾವುದು?” ಎಂದರು. ತಲೆ ಅಲ್ಲಾಡಿಸಿದೆ. “ಹಲ್ಲಿಗೆ ಏನೂ ಆಗ್ಲಿಲ್ವಾ?” ಎಂದರು. ಇಲ್ಲ ಎಂದೆ. “ಸದ್ಯ. ಆಗಿದ್ರೆ ಹಲ್ಲಿಗೇ ಆಗ್ಬೇಕಿತ್ತು, ಇದಕ್ಕಲ್ಲ. ತೊಳೆದು ಒಣಗಿಸಿ, ಗುರುತಿಲ್ಲದ ಜಾಗ ನೋಡಿ ನಾವೇ ಒತ್ತಿ ಬಿರುಕು ಮಾಡ್ತೀವಿ. ಆದ್ರೂ ದಾರೀಲಿ ಏನಾದ್ರೂ ನಡೆದ್ರೆ ಕಳಿಸಿದವರಿಗೆ ಹೇಳಲೇಬೇಕು” ಎಂದು ಫೋನ್ ಎತ್ತಿಕೊಂಡು ಸುಮತಿಗೆ ಮಾಡಿದರು. ದನಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಅವರಿಬ್ಬರೂ ಅಲ್ಲಿಯವರೆಗೆ ಮೇಲ್ ಬರೆದುಕೊಂಡಿದ್ದರೇ ಹೊರತು ಒಂದು ಸಲವೂ ಮಾತಾಡಿರಲಿಲ್ಲವಂತೆ.

ಝಾನ್ಸಿ ಎಲ್ಲವನ್ನೂ ಚುಟುಕಾಗಿ ಹೇಳಿದರು. ಆಮೇಲೆ ನಿಮ್ಮ ಅಮ್ಮನ ದನಿ: “ಅಮ್ಮ ಅಲ್ಲೇ ಇದಾರಾ?”

ಇದ್ದಾರೆ ಎಂದರು ಝಾನ್ಸಿ. ನಾನು ಇಲ್ಲವೆಂದು ಕೈಯಾಡಿಸಿದೆ.

ಈಗ ನಾನು ಮಾಡಿದ್ದನ್ನು ನೀವು ನಂಬುವುದಿಲ್ಲ. ಗೋಡೆಯ ಗಡಿಯಾರ ಕಣ್ಣಿಗೆ ಬಿತ್ತು. ಊಟದ ಹೊತ್ತು. ದಿನಾ ಆ ಹೊತ್ತಿಗೆ ನಾನು ಸುಮತಿಗೆ ಫೋನ್ ಮಾಡುವುದನ್ನು ನೀವೇ ನೋಡಿದ್ದೀರಿ. ಕೆಲಸದ ಮೇಲೆ ಊಟ ಮರೆಯುವ ಹುಡುಗಿ ಅವಳು. ‘ಮಾಡ್ತೀನಮ್ಮ’ ಎಂದರೆ ನಾನು ನಂಬುವುದಿಲ್ಲ, ಕ್ಯಾರಿಯರಿನ ಮುಚ್ಚಳ ತೆಗೆದ ಸದ್ದು ಕೇಳಿಸುವವರೆಗೂ ಫೋನ್ ಇಡುವುದಿಲ್ಲ. ಅವಳ ಜೀವನ ನನ್ನಿಂದ ಹಾಳಾಗುತ್ತಿದೆ ಎಂದು ಹೆದರಿದ್ದ ಆ ಗಳಿಗೆಯಲ್ಲೂ ಬಾಯಿ ತಾನಾಗಿಯೇ ಝಾನ್ಸಿಯವರಿಗೆ ಹೇಳಿತು: “ಊಟ ಆಯ್ತಾ ಕೇಳಿ.”

ಝಾನ್ಸಿ ಫೋನಿನ ಕಡೆ ಬಗ್ಗಿದರು. “ನಿಮ್ಮ ಅಮ್ಮ ಊಟ ಆಯ್ತಾ ಅಂತ ಕೇಳ್ತಿದಾರೆ” ಎಂದರು.

“ಇಲ್ಲ” ಎಂದಿತು ಫೋನು, ಸುಸ್ತಾದ ದನಿಯಲ್ಲಿ. “ಈಗ ತಾನೇ ಇವತ್ತಿನ ಕಡ್ಡಿಗಳನ್ನೆಲ್ಲಾ ಒತ್ತಿ ಮುಗಿಸ್ದೆ. ಊಟ ಮಾಡ್ಕೊಂಡು ಬಂದು ಅಳೀತೀನಿ.”

“ಏನಂದ್ರಿ? ಒತ್ತಿ, ಊಟ ಮಾಡಿ, ಆಮೇಲೆ ಅಳೀತೀರಾ?”

“ಹೂಂ. ಎಷ್ಟೂ ಹೊತ್ತಾಗಲ್ಲ.”

“ಹೋದ ಸಲವೂ ಹಾಗೇನಾ?”

“ದಿನಾ ಹಾಗೇ.”

ಝಾನ್ಸಿ ಎದ್ದು ನಿಂತರು. “ಸುಮತಿ ಗಾರೂ, ನೀವು ಕೂತಿರೋದು ಸಮುದ್ರದ ಪಕ್ಕ. ಗಾಳಿಯಲ್ಲಿ ತೇವ. ಒತ್ತಿದ ಬಿರುಕು ಅಲ್ಲಿಗೇ ನಿಲ್ಲಲ್ಲ, ತೇವ ಸಿಕ್ಕಿದ್ರೆ ಸ್ವಲ್ಪ ಹೊತ್ತು ಹರೀತಾನೇ ಇರತ್ತೆ. ನಾವು ಒತ್ತೋ ಜಾಗಕ್ಕೆ ಮೊದಲೇ ಒಂದು ಹನಿ ಎಣ್ಣೆ ಹಾಕಿ, ತಕ್ಷಣ ಅಳೀತೀವಿ.”

“ಗೊತ್ತು” ಎಂದಳು ನಿಮ್ಮ ಅಮ್ಮ. ಆಮೇಲೆ ಇನ್ನೊಂದು ಸಲ, ಬೇರೆ ದನಿಯಲ್ಲಿ, “ಅಯ್ಯೋ, ಗೊತ್ತು. ಅಷ್ಟರಲ್ಲಿ ಏನಾಗತ್ತೆ ಅಂದ್ಕೊಂಡಿದ್ದೆ.”

“ಅದ್ಯಾಕೆ ಮಧ್ಯದಲ್ಲಿ ಎದ್ದು ಹೋಗೋದು? ಅಳೆದು ಹೋಗ್ಬಾರ್ದಾ?”

“ಅಮ್ಮ ಫೋನ್ ಮಾಡ್ತಾರೆ” ಎಂದಳು. “ಸರಿಯಾಗಿ ಒತ್ತಿ ಮುಗಿಸೋ ಹೊತ್ತಿಗೇ ಬರತ್ತೆ. ಕ್ಯಾರಿಯರ್ ತೆಗೆದ ಸದ್ದು ಕೇಳಿಸೋವರೆಗೂ ಬಿಡಲ್ಲ.”

ಝಾನ್ಸಿ ನಿಧಾನವಾಗಿ ನನ್ನ ಕಡೆ ತಿರುಗಿದರು. ಲಾವಣ್ಯ ಕಚ್ಚಿದ ಕಡ್ಡಿಗಾಗಿ ನಾನು ಎಷ್ಟು ಹೆದರಿದ್ದೆನೋ ಅಷ್ಟನ್ನೂ ಅಳಿಸಿ ಹೊಸದಾಗಿ ಹೆದರಬೇಕಾಯಿತು. ಒಂದು ಕಡ್ಡಿಯನ್ನು ಒಬ್ಬಳು ಬಸುರಿ ಕಚ್ಚಿದ್ದು ಏನೂ ಅಲ್ಲ. ಇಷ್ಟು ದಿನ ಭೀಮುನಿಪಟ್ಟಣದ ಮನೆಯ ಸೋಫಾದ ಮೇಲೆ ಕೂತು, ಫೋನು ಹಿಡಿದು, ದಿನಾ ಎಲ್ಲ ಕಡ್ಡಿಗಳ ಬಿರುಕುಗಳನ್ನೂ ಎಳೆದು ಉದ್ದ ಮಾಡುತ್ತಿದ್ದವಳು ನಾನೇ.

“ಮೊದಲು ಅಳೀರಿ, ಈಗಲೇ ಹೋಗಿ” ಎಂದರು ಝಾನ್ಸಿ. “ಅಳೆದು, ಊಟ ಮಾಡಿ ಬಂದು ಅದನ್ನೇ ಇನ್ನೊಂದು ಸಲ ಅಳೀರಿ.” ಫೋನು ಇಟ್ಟವರು ಮೂಲೆಯಲ್ಲಿದ್ದ ತಮ್ಮ ಡಬ್ಬಿ ತಂದು ನನ್ನ ಮುಂದೆ ಬಿಚ್ಚಿದರು. ಅನ್ನ, ಗೋಂಗೂರ ಪಚ್ಚಡಿ. ಊಟ ಮಾಡಿದ್ಯಾ ಎಂದು ತಮ್ಮನ್ನು ಕೇಳುವವರು ಯಾರೂ ಇಲ್ಲ, ಅದಕ್ಕೇ ಏನೋ ತಮ್ಮ ಅಂಕಿ ಸರಿ ಬರುತ್ತಿದೆ ಎಂದು ಆ ದಿನ ಮೊದಲನೆಯ ಸಲ ನಕ್ಕರು. ನನಗೆ ತುತ್ತು ಇಳಿಯಲಿಲ್ಲ. ಅರ್ಧ ಖಾರದಿಂದ, ಅರ್ಧ ಆ ಮಾತಿನಿಂದ.

ಸಂಜೆ ಸುಮತಿಯ ಫೋನು ಬಂತು. ಊಟಕ್ಕೆ ಮುಂಚೆ ಅಳೆದ ಬಿರುಕು, ಊಟವಾದ ಮೇಲೆ ಒಂದು ಕೂದಲೆಳೆಯಷ್ಟು ಹೆಚ್ಚು ಉದ್ದವಾಗಿತ್ತಂತೆ. ನಾನು ತುತ್ತು ಇಳಿಯದೆ ಕೂತಿದ್ದಾಗ ಅದು ಅಲ್ಲಿ ಹೊಟ್ಟೆ ತುಂಬಾ ಉಂಡಿತ್ತು. ಅವಳು ಬೈಯುತ್ತಾಳೆಂದು ಕಾದೆ. “ಅಮ್ಮ, ಲಾವಣ್ಯಂಗೆ ಹಲ್ಲು ನೋಯ್ತಿಲ್ಲ ತಾನೇ?” ಎಂದಳು ಅಷ್ಟೇ. ಸುಮತಿ, ಝಾನ್ಸಿ ಇಬ್ಬರೂ ಸೇರಿ ಮೇಲಧಿಕಾರಿಗೆ ವಿಷಯ ಹೇಳಿ, ಉಳಿದ ಕಡ್ಡಿಗಳನ್ನು ಒಂದೇ ಕ್ರಮದಲ್ಲಿ, ಎಣ್ಣೆಯ ಹನಿ ಹಾಕಿ, ಒತ್ತಿದ ಕೂಡಲೇ ಅಳೆದರು. ಅಂಕಿಗಳು ಓರಗಿತ್ತಿಯರ ಹಾಗೆ ಅಲ್ಲ, ಅಕ್ಕತಂಗಿಯರ ಹಾಗೆ ಪಕ್ಕಪಕ್ಕ ಕೂತವು. ನಿಮ್ಮ ಅಮ್ಮನ ಮೇಜು ಅವಳಲ್ಲೇ ಉಳಿಯಿತು. ಕಚ್ಚಿದ ಕಡ್ಡಿ ಯಾವುದೆಂದು ಕೊನೆಗೂ ಯಾರಿಗೂ ತಿಳಿಯಲಿಲ್ಲ. ಲಾವಣ್ಯಳಿಗೆ ಹೆಣ್ಣುಮಗು ಹುಟ್ಟಿ, ಅದಕ್ಕೀಗ ಹಲ್ಲು ಬರುತ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದಂತೆ. ಆ ಸಲ ವಾಪಸು ಬರುವಾಗ ಸೇತುವೆಯ ಮೇಲೆ ಆ ನಾಣ್ಯವನ್ನು ಗೋದಾವರಿಗೆ ಹಾಕಿ, ಬಡ್ಡಿಯಾಗಿ ಇನ್ನೊಂದನ್ನೂ ಹಾಕಿದೆ.

ಈಗ ನಮ್ಮ ಮನೆಯಲ್ಲಿ ಹೊಸ ಕ್ರಮ ಬಂದಿದೆ. ಊಟದ ಹೊತ್ತಿಗೆ ನಾನು ಫೋನ್ ಮಾಡಕೂಡದು. ಅಳೆಯುವುದೆಲ್ಲ ಮುಗಿದ ಮೇಲೆ ಸುಮತಿಯೇ ಮಾಡುತ್ತಾಳೆ. “ಅಮ್ಮ, ಬಿರುಕು ನೋಡಿ ಆಯ್ತು, ಊಟಕ್ಕೆ ಕೂತೆ” ಎಂದು ಹೇಳಿ, ಕ್ಯಾರಿಯರಿನ ಮುಚ್ಚಳವನ್ನು ಬೇಕೆಂದೇ ಜೋರಾಗಿ ತೆಗೆಯುತ್ತಾಳೆ. ಕೆಲವು ದಿನ ಅದು ಬೇಗ ಬರುತ್ತದೆ. ಕೆಲವು ದಿನ ನೀವು ಶಾಲೆಯಿಂದ ಬರುವ ಹೊತ್ತಾದರೂ ಬರುವುದಿಲ್ಲ. ನಾನು ಫೋನನ್ನು ಮಡಿಲಲ್ಲಿಟ್ಟುಕೊಂಡು, ಆ ಡಬ್ಬಿಯನ್ನು ಮುಚ್ಚಿಕೊಂಡ ಹಾಗೇ ಸೆರಗು ಮುಚ್ಚಿಕೊಂಡು ಕೂತಿರುತ್ತೇನೆ. ಅಡಿಗೆಮನೆಯಲ್ಲಿ ನನ್ನ ತಟ್ಟೆಯೂ ಮುಚ್ಚಿಯೇ ಇರುತ್ತದೆ. ಅವಳ ಮುಚ್ಚಳದ ಸದ್ದು ಕೇಳದೆ ನನ್ನದನ್ನು ತೆಗೆಯಲು ಮನಸ್ಸು ಬರುವುದಿಲ್ಲ. ಮೊನ್ನೆ ಧನ್ಯ ಬಂದು “ಅಮ್ಮಮ್ಮಾ, ಇಂಕಾ ತಿನಲೇದಾ?”, ಇನ್ನೂ ಊಟ ಮಾಡಿಲ್ಲವಾ ಎಂದು ಕೇಳಿದಾಗ, ಊಟ ಆಗಲೇ ಆಯಿತು ಎಂದು ನಾನು ಹೇಳಿದ್ದು ಸುಳ್ಳು. ಇದೊಂದನ್ನು ನಿಮ್ಮ ಅಮ್ಮನಿಗೆ ಹೇಳಬೇಡಿ, ಮಕ್ಕಳೇ. ಅವಳು ಹೆದರುತ್ತಾಳೆ. ದಿನಾ ಒತ್ತಿದ ಕಡ್ಡಿಯನ್ನು ಹಾಗೇ ಬಿಟ್ಟು, ನನ್ನ ಊಟ ಆಯಿತೇ ಎಂದು ಕೇಳಲು ಫೋನ್ ಮಾಡತೊಡಗುತ್ತಾಳೆ.